ಹತ್ತು ಗಜ

ಶನಿವಾರ ಮಧ್ಯಾಹ್ನ ನನ್ನ ಕೆಲಸ ಇಷ್ಟೇ:
ಕಿತ್ತಳೆ ಬಣ್ಣದ ಕೋಲು ಹಿಡಿದು ಗೆರೆಯಂಚಿನಲ್ಲಿ ನಿಲ್ಲುವುದು.
ಆ ತುದಿಯ ಕೋಲಿಗೆ ಆರ್ಲೋ ಟೊಸ್ಟ್ರುಡ್,
ನಡುವೆ ಸರಪಳಿ. ಹತ್ತು ಗಜ.
ಇಪ್ಪತ್ತೆಂಟು ವರ್ಷದಿಂದ ನಾವಿಬ್ಬರು
ಒಬ್ಬರಿಂದೊಬ್ಬರು ಅಷ್ಟೇ ದೂರ.
ಆಟ ಮುಗಿದ ಮೇಲೂ ಹೆಚ್ಚೇನೂ ಹತ್ತಿರ ಬಂದದ್ದಿಲ್ಲ.

ದೊಡ್ಡ ಕಾಲೇಜಲ್ಲ ನಮ್ಮದು.
ಒಂದು ಚರ್ಚು, ನೀರಿನ ಟ್ಯಾಂಕು, ಒಂಬೈನೂರು ಮಕ್ಕಳು.
ಚೆನ್ನಾಗಿ ಆಡುತ್ತಾನೆಂದು ಇಲ್ಲಿ ಯಾರಿಗೂ ಕಾಸು ಬಿಚ್ಚುವುದಿಲ್ಲ;
ಫೀಸು ಕಟ್ಟಿ ಪೆಟ್ಟು ತಿನ್ನುವ ಹುಡುಗರು.
ಟಿವಿಯವರು ಬರುವುದಿಲ್ಲ. ಇರುವುದೊಂದು ಕ್ಯಾಮೆರಾ,
ಅದನ್ನು ಹಿಡಿದವಳು ಎಪ್ಪತ್ತೆರಡನೇ ನಂಬರಿನವನ ಗೆಳತಿ.
ಚೆಂಡು ಎಲ್ಲಿಗಾದರೂ ಹಾರಲಿ,
ಕ್ಯಾಮೆರಾ ಅವನನ್ನೇ ನೋಡುತ್ತದೆ.

ಸೆಪ್ಟೆಂಬರಿನಲ್ಲಿ ಬಿಸಿಲಿಗೆ ಸೋತೆವು.
ಆಮೇಲೆ ನಾಲ್ಕು ಗಂಟೆ ಬಸ್ಸಿನಲ್ಲಿ ಹೋಗಿ ಸೋತೆವು,
ಐವತ್ತೊಂದಕ್ಕೆ ಮೂರು.
ಮೆಕ್ಕೆಜೋಳ ಒಣಗಿಸುವ ಯಂತ್ರದ ಗಲಾಟೆಯಲ್ಲಿ
ರೇಡಿಯೋಗೆ ಕಿವಿಯಿಟ್ಟು ಅದನ್ನೂ ಪೂರ್ತಿ ಕೇಳಿದೆ.
ಆ ಮೂರು ಇಲ್ಯಾಸ್ ವಾರ್ಸಮೆಯ ಕಾಲಿನ ಪುಣ್ಯ.
ಸಾಕರ್ ಆಡುತ್ತಿದ್ದ ಹುಡುಗ,
ಕೋಚ್ ಹೌಗನ್ ಕ್ಯಾಂಟೀನಿನಲ್ಲಿ ಅವನೆದುರು ಕೂತು
ಗೋಗರೆದು ತಂದದ್ದು.

ಅಕ್ಟೋಬರಿನಲ್ಲಿ ಒಮ್ಮೆ ಗೆದ್ದೆವು.
ಎದುರಾಳಿಗಳಲ್ಲಿ ಅರ್ಧ ಜನಕ್ಕೆ ಹೊಟ್ಟೆ ಕೆಟ್ಟಿತ್ತಂತೆ.
ಇರಲಿ. ಅವತ್ತು ಊರಿನ ಹೋಟೆಲಿನಲ್ಲಿ
ಸೇಬಿನ ಪೈ ಎಲ್ಲರಿಗೂ ಬಿಟ್ಟಿ.

ಮೆಂಗ್ ಮೂವಾ ಚೆಂಡು ಹೊತ್ತು ಓಡುವವನು.
ಗಿಡ್ಡ, ಗುಂಡುಕಲ್ಲು. ಕೊನೆಯ ವರ್ಷ.
ಸೇಂಟ್ ಪಾಲ್‌ನಿಂದ ಎರಡು ಗಂಟೆ ಕಾರು ಓಡಿಸಿ ಬರುತ್ತಾಳೆ ಅವನ ಅಮ್ಮ.
ಆಟದ ನಿಯಮ ಒಂದೂ ಗೊತ್ತಿಲ್ಲ.
ಮಗ ಬಿದ್ದಾಗ ಎದ್ದು ನಿಲ್ಲುತ್ತಾಳೆ,
ಎದ್ದಾಗ ಕೂರುತ್ತಾಳೆ.
ಹತ್ತು ವಾರ ಹಾಗೇ.

ನವೆಂಬರ್, ಕೊನೆಯ ಆಟ, ಹಿಮ.
ನಾಲ್ಕು ಅಂಕ ಹಿಂದೆ, ಉಳಿದದ್ದು ಒಂದು ನಿಮಿಷ,
ಇದ್ದದ್ದು ಒಂದೇ ಸರದಿ.
ಮೆಂಗ್ ರಾಶಿಗೆ ನುಗ್ಗಿದ.
ರಾಶಿ ಕರಗಿದ ಮೇಲೆ ಅಡಿಯಲ್ಲಿ ಅವನು,
ಅವನಡಿಯಲ್ಲಿ ಚೆಂಡು.
ರೆಫರಿ ನಮ್ಮತ್ತ ಕೈ ಬೀಸಿದ: ತನ್ನಿ ಸರಪಳಿ.

ಮೈದಾನದ ನಡುವಿಗೆ ನಡೆದೆವು, ಆರ್ಲೋ ಮತ್ತು ನಾನು.
ಆರುನೂರು ಜನ, ಕೆಮ್ಮು ಕೂಡ ಇಲ್ಲ.
ಕೋಲು ಒಂದಿಷ್ಟು ವಾಲಿಸಿದ್ದರೆ ಸಾಕಿತ್ತು.
ರೆಫರಿಯ ಕನ್ನಡಕದ ಮೇಲೂ ಹಿಮ.
ಆದರೆ ಧಾನ್ಯದ ಗೋದಾಮಿನಲ್ಲಿ ನಲವತ್ತು ವರ್ಷ ತೂಗಿದ ಕೈ ಇದು,
ಸ್ವಂತ ಅಣ್ಣನ ಲಾರಿಗೂ ಸೇರು ಹೆಚ್ಚು ಬರೆಯದ ಕೈ,
ಹೇಳಿದ ಮಾತು ಕೇಳುವುದಿಲ್ಲ.
ಕೋಲು ನೆಟ್ಟಗೆ ನಿಂತಿತು.
ಸರಪಳಿ ಬಿಗಿಯಾಯಿತು.
ಚೆಂಡಿನ ಮೂತಿಗೂ ಕೋಲಿಗೂ ನಡುವೆ
ಹಿಮದ ಒಂದು ಹಳಕು ಇಳಿದು,
ಯಾವುದನ್ನೂ ತಾಗದೆ
ನೆಲ ಮುಟ್ಟಿತು.

ಮಂಡಿಯೂರಿದ್ದ ಮೆಂಗ್ ಕೇಳಿದ: ಎಷ್ಟು?
ಹೆಬ್ಬೆರಳು ತೋರುಬೆರಳು ಸೇರಿಸಿ,
ಸೇರಿಸದೆ, ತೋರಿಸಿದೆ.
ಅಷ್ಟೇನಾ, ಎಂದ.
ಹೆಲ್ಮೆಟಿನೊಳಗೆ ಮುಖ ಏನಾಯಿತೋ.
ಮೇಲೆ, ಅಮ್ಮ ನಿಂತೇ ಇದ್ದಳು.

ಒಂದು ಗೆಲುವು, ಒಂಬತ್ತು ಸೋಲು.
ಸರಪಳಿ ಚೀಲಕ್ಕೆ ತುಂಬುವಾಗ ಆರ್ಲೋ ಅಂದ:
ವಾಲಿಸಬಹುದಿತ್ತು ನೀನು.
ನೀನು ಸಡಿಲ ಬಿಡಬಹುದಿತ್ತು, ಅಂದೆ.
ಅವನು ಮೂಗು ಒರೆಸಿಕೊಂಡ.
ಇಪ್ಪತ್ತೆಂಟು ವರ್ಷದಲ್ಲಿ ನಮ್ಮ ಅತಿ ಉದ್ದದ ಮಾತುಕತೆ.

ಮಾರ್ಚಿನಲ್ಲಿ ಪೆಟ್ರೋಲ್ ಬಂಕಿನಲ್ಲಿ ಸಿಕ್ಕ ಮೆಂಗ್.
ಪಂಪಿನಾಚೆಯಿಂದ ಏನೂ ಹೇಳದೆ
ಎರಡು ಬೆರಳು ಎತ್ತಿ ತೋರಿಸಿದ, ನಕ್ಕ.
ಅವನ ಬೆರಳ ನಡುವೆ ಆ ದೂರ
ಆಗಲೇ ಅರ್ಧ ಕರಗಿತ್ತು.

ನಾನು ತಿದ್ದಲು ಹೋಗಲಿಲ್ಲ.