ಆರುನೂರ ಐವತ್ತು ಪದ

ಡುಲೂತ್‌ನಲ್ಲಿ ಮಾರ್ಚ್ ಅಂದರೆ ಇನ್ನೂ ಚಳಿಗಾಲವೇ.
ಸರೋವರದ ಮಂಜುಗಡ್ಡೆ ರಾತ್ರಿಯೆಲ್ಲ
ಹಳೆಯ ಮಂಚದಂತೆ ನರಳುತ್ತದೆ.
ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು,
ತಣ್ಣಗಾದ ಅವಲಕ್ಕಿ, ಎಸ್‌ಎಟಿ ಪುಸ್ತಕದ ದಪ್ಪ ಬೆನ್ನು,
ಅದರಾಚೆ ನನ್ನ ಮಗಳು ಇಂಚರ,
ಹನ್ನೊಂದನೇ ಕ್ಲಾಸು, ಹದಿನೇಳಕ್ಕೆ ಎರಡು ತಿಂಗಳು ಬಾಕಿ,
ಕೇಳುತ್ತಾಳೆ:
'ಅಮ್ಮಾ, ನಮಗೆ ಏನು ಕಷ್ಟ ಬಂದಿತ್ತು?'

ಉಪ್ಪು ಎಲ್ಲಿಟ್ಟಿದ್ದೀಯ ಅಂತ ಕೇಳಿದ ಹಾಗೆ.

ನೀನು ಎದುರಿಸಿದ ಒಂದು ಕಷ್ಟ, ಅದರಿಂದ ಕಲಿತದ್ದು,
ಆರುನೂರ ಐವತ್ತು ಪದ ಮೀರಬಾರದು:
ಕಾಲೇಜಿನವರು ಕೇಳುತ್ತಾರಂತೆ.
ಕಳಿಸುವುದು ಬರುವ ವರ್ಷ, ಒದ್ದಾಡುವುದು ಈಗಲೇ.
ನಾನು ಬಟ್ಟೆ ಅಂಗಡಿಯ ಕತ್ತರಿ ಮೇಜಿನವಳು.
ಹದಿಮೂರು ವರ್ಷ ಗಜದ ಲೆಕ್ಕದಲ್ಲಿ
ಫ್ಲಾನೆಲ್ಲು, ಹತ್ತಿ, ಮದುವೆಯ ಲೇಸು
ಕತ್ತರಿಸಿ ಕೊಟ್ಟವಳು. ಅಳತೆ ಗೊತ್ತು ನನಗೆ.
ಆದರೆ ಕಷ್ಟದ ಥಾನು ಬಿಚ್ಚಿಸಿ
ಇಷ್ಟೇ ಕೊಡಿ ಎಂದ ಗಿರಾಕಿಯನ್ನು ಕಂಡಿರಲಿಲ್ಲ.

ಸ್ಕಾಲರ್‌ಶಿಪ್ಪಿನ ಪಟ್ಟಿ ಕೊಟ್ಟವರು ಕೌನ್ಸೆಲರ್ ಮಿಸೆಸ್ ಹೆಲ್ಗೆಸನ್.
ಗುಲಾಬಿ ಕಾಗದ, ಎರಡೂ ಬದಿ.
ಗಣಿ ಕಾರ್ಮಿಕರ ಮೊಮ್ಮಕ್ಕಳಿಗೆ ಒಂದು ಸಾವಿರ.
ನಾರ್ವೆಯ ಬೇರಿನವರಿಗೆ ಐನೂರು.
ಹಸು ಸಾಕಿದವರಿಗೆ, ಗಾಲ್ಫ್ ಚೀಲ ಹೊತ್ತವರಿಗೆ,
ಐದಡಿ ಹತ್ತಿಂಚು ದಾಟಿದ ಹುಡುಗಿಯರಿಗೂ ಒಂದಿದೆ.
'ಐದಡಿಯೊಳಗಿನವರಿಗೆ?' ಎಂದು ಇಂಚರ
ಕಾಗದ ತಿರುವಿದಳು, ಮತ್ತೆ ತಿರುವಿದಳು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಿದ್ದಳು ನಮ್ಮವ್ವ, ಅಂದೆ.
'ನನ್ನ ಕಾಲೇ ಗಿಡ್ಡ ಅಮ್ಮಾ, ಹಾಸಿಗೆ ಬೇಕಾದಷ್ಟು ಉಳಿಯುತ್ತೆ.'
ಇಬ್ಬರೂ ನಕ್ಕೆವು. ಹೀಟರು ಗೊರಗೊರ ಎಂದಿತು.

ಆಮೇಲೆ ತೆಗೆದದ್ದು ಬೇಸಿಗೆ ಶಿಬಿರದ ಧನಸಹಾಯದ ಫಾರಮ್ಮು.
ತಂದೆ: ಫಾರ್ಗೋದ ವಿಳಾಸ ಬರೆದಳು, ತಲೆಯೆತ್ತಲಿಲ್ಲ.
ತಾಯಿ: ಉದ್ಯೋಗ?
ನಾನು ನೀರು ಕುಡಿಯಲು ಎದ್ದೆ.

ಮೂರು ವಾರದಿಂದ ನುಂಗಿಕೊಂಡಿದ್ದೆ.
ಜೂನ್ ಕೊನೆಗೆ ಅಂಗಡಿ ಮುಚ್ಚುತ್ತದೆ.
ಕಪಾಟು, ಕನ್ನಡಿ, ಗುಂಡಿಗಳ ಡಬ್ಬಿ,
ನಾನು ಒರಗಿ ನಿಲ್ಲುವ ಮೇಜಿಗೂ ಬೆಲೆಚೀಟಿ ಅಂಟಿಸಿದ್ದಾರೆ.
ಶನಿವಾರ ಅವಳ ಪರೀಕ್ಷೆ, ಅದು ಮುಗಿಯಲಿ,
ಕೆಮಿಸ್ಟ್ರಿ ಮುಗಿಯಲಿ, ಆಮೇಲೆ
ಅಂತ ದಿನ ತಳ್ಳಿದ್ದೆ.

'ಬರಿ,' ಅಂದೆ, ನಲ್ಲಿಯ ಕಡೆ ತಿರುಗಿ.
'ಬಟ್ಟೆ ಅಂಗಡಿ. ಅಷ್ಟೇ ಬರಿ.'
'ಜೂನ್ ತನಕ ಅಂತ ಬರೀಲಾ?'

ನಲ್ಲಿ ಹರಿಯುತ್ತಲೇ ಇತ್ತು.
ಸ್ಕೂಲ್ ಬಸ್ಸಿನಿಂದ ಕಂಡಳಂತೆ ಹಳದಿ ಬ್ಯಾನರು,
ಕಟ್ಟಿದ ದಿನವೇ.
ನಾನಾಗಿ ಹೇಳಲಿ ಅಂತ
ಅವಳೂ ಶನಿವಾರದ ತನಕ ತಡೆದಿದ್ದಳಂತೆ.

'ಸರಿ, ಸಿಕ್ಕಿತಲ್ಲ ಕಷ್ಟ,' ಎಂದೆ.
'ಅದನ್ನೇ ಬರಿ. ದುಡ್ಡು ಕೊಡುತ್ತಾರೆ.'
ಗುಲಾಬಿ ಕಾಗದದ ಅಂಚನ್ನು ಉಗುರಿನಲ್ಲಿ ಮಡಿಸುತ್ತ ಅವಳು:
'ಅದು ನಿಂದು. ನಾನು ಹೇಗೆ ಖರ್ಚು ಮಾಡಲಿ?'

ಕೊನೆಗೆ ಅವಳು ಬರೆದದ್ದು
ಶಾಲೆ ಬಿಟ್ಟ ಸಂಜೆ ನನ್ನ ಮೇಜಿನಡಿ ಕೂತು
ಒಂದೂಮುಕ್ಕಾಲು ಗಜ, ಎರಡೂಕಾಲು ಗಜ ಎಂದು
ಭಿನ್ನರಾಶಿ ಕಲಿತದ್ದು; ಬಿದ್ದ ಚೂರುಗಳನ್ನು
ಹಿಮದ ಬೂಟಿನೊಳಗೆ ತುರುಕಿಕೊಂಡು ಮನೆಗೆ ತಂದದ್ದು;
ಪ್ರತಿ ಗಿರಾಕಿಗೂ ನಾನು ಒಂದು ಬೆರಳು ಹೆಚ್ಚಿಗೆ ಕತ್ತರಿಸುವುದನ್ನು
ಕೆಳಗಿನಿಂದ ನೋಡಿ, ಮ್ಯಾನೇಜರಿಗೆ ಹೇಳದೆ ಇದ್ದದ್ದು.

ಅದೂ ಗೊತ್ತಿತ್ತೇ ಇವಳಿಗೆ!

ಆರುನೂರ ತೊಂಬತ್ತೊಂದು ಪದ.
'ನಲವತ್ತೊಂದು ಹೆಚ್ಚಾಯ್ತು. ಎಲ್ಲಿ ಕತ್ತರಿಸಲಿ ಹೇಳು.'
ಕನ್ನಡಕ ಏರಿಸಿ, ಸಾಲಿನ ಕೆಳಗೆ ಬೆರಳಿಟ್ಟು
ಅವಳ ಇಂಗ್ಲಿಷನ್ನು ನಿಧಾನಕ್ಕೆ ಓದಿದೆ, ಎರಡು ಸಲ.
'ಇರಲಿ ಬಿಡೇ. ಒಗೆದರೆ ಕುಗ್ಗುತ್ತೆ.'
'ಕಂಪ್ಯೂಟರು ತಗೊಳ್ಳಲ್ಲಮ್ಮಾ.'

ಹನ್ನೆರಡೂವರೆಗೆ ಇನ್ನೂ ಒಂಬತ್ತು ಪದ ಉಳಿದಿದ್ದವು.