ನಡಾವಳಿ ಪುಸ್ತಕ

ಇಪ್ಪತ್ತಾರು ವರ್ಷ ಸಾಗರದ ಪುರಸಭೆಯಲ್ಲಿ ನಡಾವಳಿ ಬರೆದವನು ನಾನು.
ಅತಿ ಹೆಚ್ಚು ಸಲ ಬರೆದ ವಾಕ್ಯ:
‘ಹನ್ನೊಂದನೇ ವಾರ್ಡಿನ ಗಾಮಪ್ಪನವರು ವಿರೋಧಿಸಿದರು.’
ಕೊನೆಕೊನೆಗೆ ಸಭೆಗೆ ಮೊದಲೇ ಬರೆದಿಡುತ್ತಿದ್ದೆ.
ಅದು ಗೊತ್ತಾಗಿ ಒಂದು ದಿನ ಬೇಕೆಂದೇ ಒಪ್ಪಿಕೊಂಡುಬಿಟ್ಟರು.
ನಾನು ತಡಕಾಡುವಾಗ, ಟ್ಯೂಬು ಕೊಯ್ಯುವ ಬ್ಲೇಡನ್ನು
ಜೇಬಿನಿಂದ ತೆಗೆದು ಕೊಟ್ಟರು:
‘ಕೆರೆದು ತೆಗಿ ಮಾರಾಯ, ನಿಧಾನ.
ಶಾಯಿಗೆ ಅಷ್ಟು ಅವಸರ ಒಳ್ಳೇದಲ್ಲ.’

ಸೈಕಲ್ ಶಾಪಿನ ಮನುಷ್ಯ. ಉಗುರಿನಡಿ ಸದಾ ಗ್ರೀಸು.
ಟ್ಯೂಬನ್ನು ಬೋಗುಣಿಯ ನೀರಿಗೆ ಅದ್ದಿ
ಗುಳ್ಳೆ ಏಳುವುದನ್ನು ಕಾಯುವ ಅದೇ ತಾಳ್ಮೆಯಲ್ಲಿ
ಬಜೆಟ್ಟಿನ ಪುಟ ತಿರುವುತ್ತಿದ್ದರು.
ಎಲ್ಲೋ ಒಂದು ಕಡೆ ಏಳುತ್ತಿತ್ತು:
ಎರಡು ಸಲ ಕಟ್ಟಿದ ಒಂದೇ ಚರಂಡಿ,
ಹುಟ್ಟದ ಹಂದಿಗಳನ್ನು ಹಿಡಿದವರಿಗೆ ಕೊಟ್ಟ ಕೂಲಿ.

ಎಂತಕ್ಕೆ ಇದೆಲ್ಲ, ಅಂತ ಒಮ್ಮೆ ಕೇಳಿದ್ದೆ.
ಹಿನ್ನೀರಿನ ಕಡೆ ಕೈ ತೋರಿಸಿದರು.
ನಡುವೆ ಮೂರು ಗುಡ್ಡ, ಏನೂ ಕಾಣುತ್ತಿರಲಿಲ್ಲ.
ಅವರಿಗೆ ಒಂಬತ್ತು ವರ್ಷ, ಊರಿಗೆ ಜೀಪು ಬಂದಾಗ.
ಗುಮಾಸ್ತ ಮರಕ್ಕೆ ಕಾಗದ ಹೊಡೆದು ಓದಿದ:
ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ.
ಅಪ್ಪ ಅದನ್ನು ಕಾಯಿಲೆಯ ಹೆಸರೆಂದುಕೊಂಡು
‘ದೇವರ ದಯ, ನಮ್ಮಲ್ಲಿ ಯಾರಿಗೂ ಇಲ್ಲ ಸ್ವಾಮಿ’ ಅಂದರಂತೆ.
ಬರೆದುಕೊಂಡರು.
ನೀರು ಬಂತು.

ಎಲ್ಲದರಲ್ಲೂ ಸರಿಯಿದ್ದರು ಅಂತಲ್ಲ.
ಬಸ್‌ಸ್ಟ್ಯಾಂಡಿನ ಹೆಂಗಸರ ಶೌಚಾಲಯವನ್ನು
ಜಾಗ ಸರಿಯಿಲ್ಲವೆಂದು ಮೂರು ವರ್ಷ ತಡೆದರು.
ಹೂ ಮಾರುವ ತುಂಗಾಬಾಯಿ ಇವತ್ತಿಗೂ
ಅವರ ಹೆಸರೆತ್ತಿದರೆ ಮಾಲೆ ಕಟ್ಟುವ ದಾರ ಕಚ್ಚಿ ಹರಿಯುತ್ತಾಳೆ.

ಪರ್ಸಿನಲ್ಲಿ ಒಂದು ಪೇಪರ್ ಕಟಿಂಗು, ಮಡಿಕೆಯಲ್ಲಿ ಸವೆದದ್ದು.
ಕೆರಿಬಿಯನ್ ಕಡಲಿನ ಯಾವುದೋ ದ್ವೀಪ,
ನಮ್ಮ ತಾಲ್ಲೂಕಿಗಿಂತ ಸಣ್ಣದು.
ಒಂದೇ ಪಕ್ಷ ಎಲ್ಲ ಸೀಟು ಬಾಚಿಕೊಂಡ ಮರುದಿನ
ವಿರೋಧ ಪಕ್ಷದ ನಾಯಕ ಕೋಣೆಯ ಬೀಗದ ಕೈ ಜವಾನನಿಗೆ ಕೊಟ್ಟು
ಬಸ್ಸಿಗೆ ಕಾಯುತ್ತಿರುವ ಚಿತ್ರ.
‘ಇವನ ಮನೆಯಲ್ಲಿ ಆ ರಾತ್ರಿ ಊಟ ಹೇಗಾಯಿತೋ’ ಅನ್ನುವರು,
ಸೋದರಮಾವನ ಸುದ್ದಿ ಹೇಳುವ ಹಾಗೆ.

ಆಳುವವರು ಒಡೆದುಕೊಂಡಾಗ ಒಮ್ಮೆ ಅಧ್ಯಕ್ಷರೂ ಆದರು.
ಹತ್ತೊಂಬತ್ತು ದಿನ.
ತಿರುಗುವ ಕುರ್ಚಿ ತಿರುಗದಂತೆ ಕಾಲೂರಿ ಕೂತರು.
ಮೊದಲ ವಿಷಯ: ಸಂತೆಯಲ್ಲಿ ನೆಲಸುಂಕ ಏರಿಕೆ.
ಯಾರೂ ಏಳಲಿಲ್ಲ. ಕಾದರು. ಫ್ಯಾನು ಕಿರುಗುಟ್ಟಿತು.
ಕೊನೆಗೆ ತಾವೇ ಇಳಿದು, ಎಡಗಡೆಯ ಹಳೇ ಬೆಂಚಿನ ತನಕ ನಡೆದು,
ಅಲ್ಲಿಂದ ಆ ಖಾಲಿ ಕುರ್ಚಿಗೆ ಕೈ ಮುಗಿದು
‘ಅಧ್ಯಕ್ಷರೇ, ಇದು ತಪ್ಪು’ ಅಂದರು.
ಸಭೆ ನಕ್ಕಿತು. ನಾನು ಬರೆದೆ.
ಸುಂಕ ಇಳಿಯಿತು. ಮುಂದಿನ ವಾರ ಅವರೂ.

ಮೊನ್ನೆ ಸಂತಾಪ ಸೂಚಕ ಸಭೆ.
ನಾನು ನಿವೃತ್ತ, ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿ.
ನನ್ನ ಜಾಗದಲ್ಲಿ ಕೂತ ಹುಡುಗಿ, ಇಂಪನಾ,
ಕಂಪ್ಯೂಟರು ನೋಡಿಕೊಂಡು ಓದಿದಳು:
‘ಸರ್ವಾನುಮತದಿಂದ ಅಂಗೀಕರಿಸಲಾಯಿತು.’
ಎಲ್ಲರೂ ಒಂದು ನಿಮಿಷ ಎದ್ದು ನಿಂತೆವು.
ಎಡಗಡೆಯ ಬೆಂಚಿನ ಮೇಲೆ ಯಾರದೋ ಹೆಲ್ಮೆಟ್ಟು.
ನನ್ನ ಕೈ ಸುಮ್ಮನಿರದೆ
ಜೇಬಿನಲ್ಲಿ ಬ್ಲೇಡು ಹುಡುಕುತ್ತಿತ್ತು.