ಅರ್ಧ ಲೆಕ್ಕ

ಹೊಸೂರಿನಾಚೆ, ಬೆಳಗೊಂಡಪಳ್ಳಿಯ ಹ್ಯಾಂಗರಿನ ತಗಡಿಗೆ
ಹೊಸ ಪಟ್ಟಿ ಅಂಟಿಸಿದ್ದಾರೆ, ಗೋಂದು ಇನ್ನೂ ಹಸಿ.
ಬೆರಳಿಟ್ಟು ಕೆಳಗಿಳಿದೆ, ಒಂಬತ್ತು, ಹತ್ತು, ಹನ್ನೊಂದು...
ಇಪ್ಪತ್ತಮೂರರಲ್ಲಿ ನಾನು ಸಿಕ್ಕಿದೆ.

ನಾನೇ ಕಲಿಸಿದ ಇಳಂಗೋ ಹದಿನಾಲ್ಕು.
ಮೊದಲ ಸಲ ಗಾಳಿಯಲ್ಲಿ ನಿಲ್ಲಿಸಹೋಗಿ
ಗುಲಾಬಿ ತೋಟದ ಪ್ಲಾಸ್ಟಿಕ್ ಚಪ್ಪರ ಹಾರಿಸಿದವನು.
ತೋಟದವರ ಸಿಟ್ಟಿಳಿಸಲು ಅವನ ತಮಿಳು ಸಾಲದೆ
ನನ್ನ ಕನ್ನಡ, ವಾಚ್‌ಮನ್ನನ ತೆಲುಗು, ಮೂರೂ ಬೇಕಾದವು.

ಮಗಳು ಹುಟ್ಟಿದ ಮೇಲೆ ನಾಲ್ಕು ವರ್ಷ
ವಾರಕ್ಕೆ ಮೂರೇ ದಿನ ಹಾರಿದೆ.
ಯೂನಿಯನ್ ಲೆಕ್ಕದಲ್ಲಿ ಅದು ಎರಡು.
ಮಗಳಿಗೆ ಮಾತ್ರ ನಾಲ್ಕೇ ತುಂಬಿತು.

ಸೀನಿಯಾರಿಟಿ ಅಂದರೆ ಇಷ್ಟೇ,
ದೀಪಾವಳಿಯ ರಜೆ ಮೇಲಿನವರಿಗೆ,
ಚುನಾವಣೆಯ ಧೂಳು ಮೈದಾನ ಕೆಳಗಿನವರಿಗೆ.
ಕೆಲಸ ಕಮ್ಮಿಯಾದರೆ ಕತ್ತರಿ
ಬಾಲದಿಂದ ಶುರು.

ತಳಿಯ ಮೇಲೆ ಒಮ್ಮೆ ಎಣ್ಣೆಯ ಒತ್ತಡ ಕುಸಿದಾಗ
ರಾಗಿ ಕೂಳೆಯ ಹೊಲದಲ್ಲಿ ಇಳಿಸಿದ್ದೆ,
ಪೂರ್ತಿಯಾಗಿ.
ಅವತ್ತು ಬುಧವಾರ, ನನ್ನ ಅರ್ಧ ದಿನ.

ಕಾರ್ಯದರ್ಶಿ ಮುನಿರತ್ನಂ ಟೀ ತರಿಸಿದರು.
"ನೀವೇ ನೋಡಿ ಮೇಡಂ" ಎಂದು ಹಳೆಯ ನಡಾವಳಿ ಪುಸ್ತಕ ತಿರುವಿದರು.
ಅರೆಕಾಲಿಕರಿಗೆ ಅರ್ಧ ಲೆಕ್ಕ, ಸರ್ವಾನುಮತದ ಒಪ್ಪಿಗೆ.
ಕೆಳಗೆ ಸಹಿಗಳು. ಆರನೆಯದು ವಾರಿಜಾಕ್ಷಿ,
ನಾನೇ.
ಆಗ ಇಪ್ಪತ್ತಾರು ನನಗೆ. ನೀಲಿ ಶಾಯಿ,
ಹೆಸರಿನಡಿ ಎರಡು ಗೆರೆ ಬೇರೆ.

ಟೀ ಆರಿತು. ಹೊರಗೆ ಇಳಂಗೋ
ರೋಟರಿನ ರೆಕ್ಕೆಗೆ ಹಗ್ಗ ಬಿಗಿಯುತ್ತಿದ್ದ.
"ಭಾನುವಾರ ನೀವು ತಗೊಳ್ತೀರಾ ಅಕ್ಕಾ?"
ಕೊಡಲು ಅವನಿಗೆ ಭಾನುವಾರಗಳಿವೆ.

ಗಂಟು ಎಳೆದು ನೋಡಿದೆ, ಸಡಿಲವಿತ್ತು.
ಬಿಚ್ಚಿ, ಮತ್ತೆ ಕಟ್ಟಿ ತೋರಿಸಿದೆ.